ಬಿದ್ದವನನ್ನು ಎಷ್ಟು ಸಾರಿ ಎತ್ತಬೇಕು?

ದಾರಿಯಲ್ಲಿ ಹೋಗುವವನೊಬ್ಬನು ಕಾಲುಜಾರಿ ಬಾವಿಗೆ ಬಿದ್ದನೆಂಬ ಕೂಗು ಕೇಳಿಸಿದರೆ ಊರಿನವರೆಲ್ಲರೂ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ಹಗ್ಗ ಏಣಿಗಳನ್ನು ತಕ್ಕೊಂಡು ಓಡುವರು. ಬಿದ್ದವನು ಯಾರ ಮನೆಯವನು, ಯಾವ ಕುಲದವನು ಎಂದು ಆ ಗಳಿಗೆಯಲ್ಲಿ ಯಾರೂ ವಿಚಾರಿಸುವದಿಲ್ಲ. ಆದರೆ ಅದೇ ಮನುಷ್ಯನು ಮರುವಾರ ಅದೇ ಬಾವಿಗೆ ತಾನಾಗಿಯೇ ಇಳಿದು ಮುಳುಗಿದರೆ ಏನು ಮಾಡುವರು? ಮೂರನೆಯ ಸಾರಿಯೂ ಇಳಿದರೆ? ಆಗ ಹಗ್ಗ ಹಿಡಿಯುವ ಕೈಗಳು ನಿಧಾನವಾಗುವವು. “ನಾವು ಮಾಡುವಷ್ಟು ಮಾಡಿದೆವು, ಇನ್ನು ಅವನು ಮಾಡಿದ್ದನ್ನು ಅವನೇ ಉಣ್ಣಲಿ” ಎಂಬ ಮಾತು ಒಬ್ಬರ ಬಾಯಿಂದ ಹೊರಟು ಎಲ್ಲರ ಬಾಯಿಗೂ ಬರುವದು. ಈ ಮಾತು ನ್ಯಾಯವೋ ಅನ್ಯಾಯವೋ ಎಂಬದನ್ನು ಈ ಸಾರಿ ವಾಚಕರ ಸಂಗಡ ಕೂಡಿ ಯೋಚಿಸಬೇಕೆಂದಿದ್ದೇವೆ.

ಇದು ಪಾಠಶಾಲೆಯ ಬೆಂಚಿನ ಮೇಲೆ ಕೂತು ಮಾಡುವ ತರ್ಕವಲ್ಲ. ಅಫೀಮು ಜಾತಿಯ ಮದ್ದುಗಳ ಚಟಕ್ಕೆ ಸಿಕ್ಕಿದ ಊರುಗಳು ನಮ್ಮ ಕಾಲದಲ್ಲಿಯೇ ಈ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಅವರ ಉತ್ತರದ ಮೇಲೆ ಮನುಷ್ಯರ ಪ್ರಾಣ ನಿಂತಿತ್ತು. ಅಂಥ ಊರುಗಳಲ್ಲಿ ಒಂದರ ಚರಿತ್ರೆಯನ್ನು ಹೇಳುವದಕ್ಕೆ ಮುಂಚೆ ಆ ಮದ್ದಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೇದು.

ಗಸಗಸೆ ಗಿಡದ ಹಸೀ ಕಾಯಿಯನ್ನು ಗೀರಿದರೆ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅಫೀಮಿನಿಂದ ಮಾರ್ಫೀನ್ ಎಂಬ ಔಷಧವನ್ನು ತೆಗೆಯುತ್ತಾರೆ. ಮಾರ್ಫೀನಿನಿಂದ ಹೆರಾಯಿನ್ ಆಗುತ್ತದೆ. ಗಿಡದ ಹಂಗಿಲ್ಲದೆ ರಸಾಯನಶಾಲೆಯಲ್ಲಿಯೇ ಮಾಡುವ ಫೆಂಟನಿಲ್ ಎಂಬದು ಮಾರ್ಫೀನಿಗಿಂತ ಐವತ್ತರಿಂದ ನೂರು ಪಾಲು ಬಲವುಳ್ಳದ್ದು. ಇವೆಲ್ಲವೂ ಒಂದೇ ವಂಶದವು. ನೋವನ್ನು ಅಡಗಿಸುವದೇ ಇವುಗಳ ಗುಣ. ಶಸ್ತ್ರಚಿಕಿತ್ಸೆಯಾದವನಿಗೂ, ಅರ್ಬುದರೋಗದ ಕಡೇ ದಿನಗಳಲ್ಲಿ ನರಳುವವನಿಗೂ ಇವು ದೊಡ್ಡ ಉಪಕಾರವಾಗಿವೆ. ವೈದ್ಯರು ಅಳತೆಮಾಡಿ ಕೊಟ್ಟದ್ದನ್ನು ರೋಗಿಯು ತಕ್ಕೊಳ್ಳುವದು ಪಾಪವೆಂದು ಯಾರೂ ನೆನಸಬಾರದು.

ಆದರೆ ಶರೀರವು ಈ ಮದ್ದಿಗೆ ಬೇಗನೆ ಒಗ್ಗಿಕೊಳ್ಳುತ್ತದೆ. ನಿನ್ನೆ ಸಾಕಾದದ್ದು ಇಂದು ಸಾಲದು. ಬಿಟ್ಟರೆ ಮೈಯೆಲ್ಲಾ ಬೆವತು, ಕೈಕಾಲು ಸೆಳೆದು, ವಾಂತಿಭೇದಿಗಳಾಗಿ, ನಿದ್ರೆಯಿಲ್ಲದೆ ಹೊರಳಾಡುವ ಹಾಗಾಗುತ್ತದೆ. ಸುಖಕ್ಕಾಗಿ ತಕ್ಕೊಂಡವನು ಕಡೆಗೆ ಸುಖಕ್ಕಾಗಿ ಅಲ್ಲ, ಆ ಸಂಕಟವನ್ನು ತಪ್ಪಿಸುವದಕ್ಕಾಗಿಯೇ ತಕ್ಕೊಳ್ಳುವನು. ಅಳತೆ ಮೀರಿದಾಗ, ಮಿದುಳಿನಲ್ಲಿ ಉಸಿರಾಟವನ್ನು ನಡಿಸುವ ಭಾಗವೇ ಜಡವಾಗಿ, ಮನುಷ್ಯನು ನಿದ್ದೆಹೋದವನ ಹಾಗೆ ಮಲಗಿ, ತುಟಿ ಉಗುರುಗಳು ನೀಲಿಯಾಗಿ, ಸದ್ದಿಲ್ಲದೆ ಸಾಯುವನು. ಈ ಮರಣವನ್ನು ತಡೆಯುವ ಔಷಧವೂ ಉಂಟು. ಅದರ ಹೆಸರು ನಲೋಕ್ಸೋನ್. ಮೂಗಿನಲ್ಲಿ ಚಿಮುಕಿಸಿದರೆ ಇಲ್ಲವೆ ಸೂಜಿಯಿಂದ ಚುಚ್ಚಿದರೆ ಅದು ಮಿದುಳಿನಲ್ಲಿ ಅಫೀಮು ಹಿಡಿದಿರುವ ಸ್ಥಾನದಿಂದ ಅದನ್ನು ತಳ್ಳಿ ತಾನು ಕೂತುಕೊಳ್ಳುತ್ತದೆ. ಕೆಲವು ನಿಮಿಷಗಳಲ್ಲಿ ಉಸಿರು ಹಿಂದಿರುಗುತ್ತದೆ. ಆದರೆ ಅದರ ಬಲವು ಅರ್ಧ ತಾಸಿನಿಂದ ಒಂದೂವರೆ ತಾಸಿನ ವರೆಗೆ ಮಾತ್ರ. ಅದು ಚಟವನ್ನು ಬಿಡಿಸುವದಿಲ್ಲ. ಸಾವನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ವಿಚಾರವೆಲ್ಲಾ ಇದರ ಮೇಲೆ ನಿಂತದೆ.

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಶ್ಚಿಮ ವರ್ಜಿನಿಯ ಎಂಬದು ಬೆಟ್ಟಗಳ ಸೀಮೆ. ಕಲ್ಲಿದ್ದಲಿನ ಗಣಿಗಳು ಅಲ್ಲಿಯ ಜನರ ಜೀವನ. ಅಲ್ಲಿ ಓಹಾಯೊ ನದಿಯ ದಡದಲ್ಲಿ ಹಂಟಿಂಗ್ಟನ್ ಎಂಬ ಪಟ್ಟಣವಿದೆ. ರೈಲುದಾರಿಯ ನಿಮಿತ್ತ ೧೮೭೧ರಲ್ಲಿ ಹುಟ್ಟಿದ ಈ ಪಟ್ಟಣದಲ್ಲಿ ೧೯೫೦ರಲ್ಲಿ ೮೬ ಸಾವಿರ ಜನರಿದ್ದರು. ಕೈಗಾರಿಕೆಗಳು ಕುಗ್ಗಿದ ಮೇಲೆ ಅವರು ಐವತ್ತು ಸಾವಿರಕ್ಕೂ ಕಡಿಮೆಯಾದರು. ಗಣಿಯಲ್ಲಿ ಬೆನ್ನು ಮುರಿದು ದುಡಿದವರು, ಕೆಲಸ ಕಳಕೊಂಡು ಮನಸ್ಸು ಕುಂದಿದವರು ಆ ಸೀಮೆಯಲ್ಲಿ ಬಹಳ ಮಂದಿ. ನೋವು ಇರುವ ಸ್ಥಳಕ್ಕೆ ನೋವಿನ ಮದ್ದು ಮಾರುವವರು ಬಂದರು.

ಆ ಮದ್ದು ಬಂದ ಬಗೆಯನ್ನು ಕೇಳಿರಿ. ೧೯೮೦ರಲ್ಲಿ ಅಲ್ಲಿಯ ಒಂದು ದೊಡ್ಡ ವೈದ್ಯಪತ್ರಿಕೆಯಲ್ಲಿ ಇಬ್ಬರು ಕೆಲವೇ ವಾಕ್ಯಗಳ ಒಂದು ಕಾಗದವನ್ನು ಬರೆದಿದ್ದರು. ಆಸ್ಪತ್ರೆಯಲ್ಲಿ ಮಲಗಿದ್ದ ೧೧,೮೮೨ ರೋಗಿಗಳಿಗೆ ಇಂಥ ಮದ್ದನ್ನು ಕೊಟ್ಟಿರಲಾಗಿ ನಾಲ್ವರಲ್ಲಿ ಮಾತ್ರ ಚಟ ಕಾಣಿಸಿತೆಂಬದೇ ಅದರ ಸಾರ. ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರಿಗೆ, ಕೆಲವು ದಿವಸ ತಕ್ಕೊಂಡವರ ವಿಷಯವಾದ ಈ ಚಿಕ್ಕ ಮಾತನ್ನು ಮುಂದೆ ನೂರಾರು ಲೇಖಕರು ಎತ್ತಿ ಹೇಳಿ, ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವವರಿಗೂ ಅಪಾಯವಿಲ್ಲವೆಂಬದಕ್ಕೆ ಸಾಕ್ಷಿಯಾಗಿ ಮಾಡಿಕೊಂಡರು. ೧೯೯೬ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪೆನಿಯವರು ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಪೇಟೆಗೆ ತಂದು, ಇದರಿಂದ ಚಟದ ಭಯ ಕಡಿಮೆ ಎಂದು ವೈದ್ಯರನ್ನು ಒಡಂಬಡಿಸಿದರು. ನಿಜವಾದ ಮಾತನ್ನು ಅದರ ಎಲ್ಲೆಯಿಂದ ಆಚೆಗೆ ಎಳೆದರೆ ಅದು ಸುಳ್ಳಾಗುತ್ತದೆಂಬದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಡ.

ಹಂಟಿಂಗ್ಟನ್ ಇರುವ ಕ್ಯಾಬೆಲ್ ಕೌಂಟಿಯಲ್ಲಿ ಒಂದು ಲಕ್ಷಕ್ಕೆ ಕಡಿಮೆ ಜನರಿರುವರು. ಆ ಚಿಕ್ಕ ಸೀಮೆಗೆ ಎಂಟು ವರುಷಗಳಲ್ಲಿ ಸುಮಾರು ೮ ಕೋಟಿ ೧೦ ಲಕ್ಷ ಇಂಥ ಗುಳಿಗೆಗಳು ಬಂದವು. ಅದೇ ಸಂಸ್ಥಾನದ ಕರ್ಮಿಟ್ ಎಂಬ ಹಳ್ಳಿಯಲ್ಲಿ ಇದ್ದವರು ಸುಮಾರು ೪೦೦ ಮಂದಿ; ಅಲ್ಲಿಯ ಒಂದೇ ಔಷಧದಂಗಡಿಗೆ ಎರಡು ವರುಷಗಳಲ್ಲಿ ಸುಮಾರು ೯೦ ಲಕ್ಷ ಗುಳಿಗೆಗಳು ಇಳಿದವು. ಈ ಲೆಕ್ಕವನ್ನು ಹೊರಗೆಳೆದ ಎರಿಕ್ ಐರ್ ಎಂಬ ಪತ್ರಿಕಾ ಬಾತ್ಮಿದಾರನಿಗೆ ೨೦೧೭ರಲ್ಲಿ ಪುಲಿಟ್ಜರ್ ಬಹುಮಾನ ದೊರೆಯಿತು. ಮುಂದೆ ಅಧಿಕಾರಿಗಳು ಗುಳಿಗೆಗಳನ್ನು ಬಿಗಿಮಾಡಿದಾಗ, ಈಗಾಗಲೇ ಕಟ್ಟಿಗೆ ಬಿದ್ದಿದ್ದ ಜನರು ಬೀದಿಯ ಹೆರಾಯಿನಿಗೆ ತಿರುಗಿದರು. ಹೆರಾಯಿನಿನಲ್ಲಿ ಮಾರುವವರು ಫೆಂಟನಿಲ್ ಜಾತಿಯ ವಿಷಗಳನ್ನು ಬೆರಸಿದರು.

೨೦೧೬ನೇ ಇಸವಿ ಆಗಸ್ಟ್ ೧೫ರಂದು ಹಂಟಿಂಗ್ಟನ್ನಿನಲ್ಲಿ ಕೆಲವೇ ತಾಸುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಉಸಿರು ನಿಂತು ಬಿದ್ದರು. ಮನೆಗಳಲ್ಲಿ, ಬಂಡಿಗಳಲ್ಲಿ, ಬೀದಿಯ ಬದಿಯಲ್ಲಿ ಬಿದ್ದವರ ಬಳಿಗೆ ಬೆಂಕಿ ಆರಿಸುವ ದಳದವರೂ ಆಂಬುಲೆನ್ಸಿನವರೂ ಓಡಿದರು. ನಲೋಕ್ಸೋನಿನ ದೆಸೆಯಿಂದ ಹೆಚ್ಚು ಕಡಿಮೆ ಎಲ್ಲರೂ ಬದುಕಿದರು. ಊರಿನವರು ಸಂತೋಷಪಡಬೇಕಾಗಿತ್ತು. ಆದರೆ ಅವರಲ್ಲಿ ಯೋಚನೆಯುಳ್ಳವರು ಮರುದಿವಸ ಮತ್ತೊಂದು ಸಂಗತಿಯನ್ನು ಕಂಡರು: ಉಳಿದವರು ಎದ್ದು, ಬಟ್ಟೆ ಕೊಡವಿಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗಿದರು, ಅವರನ್ನು ಚಿಕಿತ್ಸೆಯ ಬಾಗಲಿಗೆ ಕೈಹಿಡಿದು ಕರಕೊಂಡು ಹೋದವರು ಯಾರೂ ಇರಲಿಲ್ಲ.

ಇಂಥ ದಿವಸಗಳಲ್ಲಿಯೇ ನಾವು ಮೊದಲು ಹೇಳಿದ ಪ್ರಶ್ನೆ ಹುಟ್ಟಿತು. ನೆರೆಯ ಓಹಾಯೊ ಸಂಸ್ಥಾನದ ಮಿಡ್ಲ್‌ಟೌನ್ ಎಂಬ ಊರಿನಲ್ಲಿ ೨೦೧೭ರಲ್ಲಿ ನಗರಸಭೆಯ ಸದಸ್ಯನೊಬ್ಬನು ಒಂದು ಸೂಚನೆಯನ್ನು ಮುಂದಿಟ್ಟನು: ಹೀಗೆ ಬಿದ್ದವನನ್ನು ಎರಡು ಸಾರಿ ಉಳಿಸೋಣ, ಅವನು ಊರಿಗೆ ದುಡಿದು ಆ ವೆಚ್ಚವನ್ನು ತೀರಿಸಲಿ, ತೀರಿಸದೆ ಹೋದರೆ ಮೂರನೆಯ ಸಾರಿ ಆಂಬುಲೆನ್ಸ್ ಕಳುಹಿಸುವದು ಬೇಡ. ಊರಿನವರು ಅದನ್ನು ಕಟ್ಟಳೆಯಾಗಿ ಮಾಡಲಿಲ್ಲ. ಆದರೂ ಆ ಮನುಷ್ಯನನ್ನು ಕ್ರೂರನೆಂದು ಬೈದು ಮುಂದೆ ಹೋಗುವದು ನ್ಯಾಯವಲ್ಲ. ಅನೇಕರು ಮನಸ್ಸಿನಲ್ಲಿ ನೆನಸಿದ್ದನ್ನು ಅವನು ಬಾಯಿಬಿಟ್ಟು ಹೇಳಿದನು. ಆದದರಿಂದ ಅವನ ಪಕ್ಷವನ್ನು ಸರಿಯಾಗಿ ಕೇಳಿ ಉತ್ತರ ಹೇಳಬೇಕಾಗಿದೆ. ಆ ಪಕ್ಷದಲ್ಲಿ ಮೂರು ವಾದಗಳಿವೆ.

ಮೊದಲನೆಯದು: ಇವನು ತನ್ನ ಕೈಯಿಂದ ತಾನೇ ವಿಷ ತಕ್ಕೊಂಡನು, ಇದು ರೋಗವಲ್ಲ, ದೋಷ. ದೋಷವೋ ರೋಗವೋ ಎಂಬ ಚರ್ಚೆ ಬಹು ಕಾಲದಿಂದ ನಡೆದಿದೆ. ಮೊದಲ ಹೆಜ್ಜೆಗೂ ನೂರನೆಯ ಹೆಜ್ಜೆಗೂ ಭೇದವುಂಟೆಂದು ನಾವು ಹೇಳುತ್ತೇವೆ. ಮೊದಲ ಹೆಜ್ಜೆಯನ್ನು ಕೆಲವರು ಕುತೂಹಲದಿಂದಲೂ ಕೆಟ್ಟ ಸಹವಾಸದಿಂದಲೂ ಇಟ್ಟರು. ಬಹಳ ಮಂದಿ ವೈದ್ಯನು ಬರೆದುಕೊಟ್ಟ ಚೀಟಿಯಿಂದಲೇ ಇಟ್ಟರು. ನೂರನೆಯ ಹೆಜ್ಜೆಯಲ್ಲಿಯಾದರೋ ಆರಿಸಿಕೊಳ್ಳುವ ಶಕ್ತಿಯೇ ಹುಣ್ಣಾಗಿದೆ. ತನ್ನ ಕೈಯಿಂದಲೇ ತನ್ನನ್ನು ಕಟ್ಟಿಕೊಂಡವನೆಂದು ಒಪ್ಪಿದರೂ, ಕಟ್ಟಿದ ಕೈಗಳಿಂದಲೇ ಕಟ್ಟನ್ನು ಬಿಚ್ಚಲಿಕ್ಕೆ ಆಗುವದುಂಟೋ? ಅವನಲ್ಲಿ ತಪ್ಪಿಲ್ಲವೆಂದು ನಾವು ಹೇಳುವದಿಲ್ಲ. ಹಾಗೆ ಹೇಳುವದು ಅವನನ್ನು ಮನುಷ್ಯನಲ್ಲವೆಂದು ಹೇಳಿದ ಹಾಗೆ. ಆದರೆ ತಪ್ಪು ಯಾರದು ಎಂಬದು ಒಂದು ಪ್ರಶ್ನೆ, ಈಗ ಉಸಿರು ಯಾರಿಗೆ ಬೇಕು ಎಂಬದು ಮತ್ತೊಂದು ಪ್ರಶ್ನೆ. ದೋಣಿ ನಡಿಸುವವನು ಮುಳುಗುವವನನ್ನು ಮೇಲಕ್ಕೆ ಎಳೆದ ಮೇಲೆ ಬೇಕಾದರೆ ಗದರಿಸಲಿ. ನೀರಿನಲ್ಲಿರುವಾಗಲೇ ವಿಚಾರಣೆ ಮಾಡಿದರೆ ಕಡೆಗೆ ಬುದ್ಧಿ ಕೇಳುವವನೇ ಇರುವದಿಲ್ಲ. ಬುದ್ಧಿವಾದವೂ ಪಶ್ಚಾತ್ತಾಪವೂ ಬದುಕಿರುವವನಿಗೆ ಮಾತ್ರ ಸಾಧ್ಯ.

ಎರಡನೆಯದು ವೆಚ್ಚದ ವಾದ. ಬಡ ಊರಿಗೆ ಬೊಕ್ಕಸ ಚಿಕ್ಕದು. ಒಬ್ಬನಿಗಾಗಿ ಓಡಿದ ಆಂಬುಲೆನ್ಸ್ ಮತ್ತೊಬ್ಬನಿಗೆ ಸಿಕ್ಕದೆ ಹೋಗಬಹುದು. ಈ ವಾದದಲ್ಲಿ ಸತ್ಯಾಂಶವಿದೆ. ಅದೇ ಮನೆಗೆ ಅದೇ ಮನುಷ್ಯನಿಗೋಸ್ಕರ ನಡುರಾತ್ರಿಯಲ್ಲಿ ಓಡಿ, ಅವನಿಂದ ಬೈಗಳನ್ನು ಕೇಳಿ ಬರುವ ದಳದವರ ಬೇಸರವೂ ನಿಜವಾದದ್ದು. ಪರೋಪಕಾರ ಮಾಡುವವರು ದಣಿಯುವದಿಲ್ಲವೆಂದು ನೆನಸುವದು ಮೂರ್ಖತನ. ಹಂಟಿಂಗ್ಟನ್ನಿನವರು ತಮ್ಮ ದಳದವರ ಮನಸ್ಸಿನ ಆರೈಕೆಗೂ ಮುಂದೆ ಒಂದು ಏರ್ಪಾಡು ಮಾಡಿಕೊಂಡರು. ಆದರೆ ಈ ವಾದವು ಏನನ್ನು ತೋರಿಸುತ್ತದೆ? ಸಹಾಯವನ್ನು ಚೆನ್ನಾಗಿ ಹಂಚಬೇಕೆಂದೂ, ಬೀಳುವದಕ್ಕೆ ಮುಂಚೆಯೇ ತಡೆಯಬೇಕೆಂದೂ ತೋರಿಸುತ್ತದೆ. ಒಬ್ಬ ಮನುಷ್ಯನ ಪ್ರಾಣವನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕಬಹುದೆಂದು ತೋರಿಸುವದಿಲ್ಲ. ಮೂರನೆಯ ಸಾರಿ ಬಿದ್ದವನನ್ನು ಬಿಡಬಹುದಾದರೆ, ವೈದ್ಯನ ಮಾತು ಕೇಳದ ಸಕ್ಕರೆ ರೋಗದವನನ್ನೂ, ಸಾಲ ತೀರಿಸದವನ ಹೊತ್ತಿದ ಮನೆಯನ್ನೂ ಬಿಡಬಹುದಲ್ಲವೇ? ಇಂಥ ಕಟ್ಟಳೆ ಒಂದು ಸಾರಿ ಹುಟ್ಟಿದರೆ ಎಲ್ಲಿ ನಿಂತೀತೆಂದು ಹೇಳುವವರು ಯಾರು?

ಮೂರನೆಯದು: ಹೇಗೂ ಎತ್ತುವವರಿದ್ದಾರೆಂದು ಧೈರ್ಯಗೊಂಡು ಇವರು ಇನ್ನೂ ಹೆಚ್ಚಾಗಿ ಬೀಳುವರು. ಕೇಳುವದಕ್ಕೆ ಇದು ಸರಿಯಾಗಿ ಕಾಣುತ್ತದೆ. ಆದರೆ ನಲೋಕ್ಸೋನಿನಿಂದ ಎಚ್ಚರವಾಗುವದು ಸುಖದ ಎಚ್ಚರವಲ್ಲ. ಚಟದವನು ಯಾವ ಸಂಕಟಕ್ಕೆ ಅಂಜಿ ಓಡುತ್ತಿದ್ದನೋ ಅದರೊಳಗೇ ಅವನನ್ನು ಒಮ್ಮೆಗೆ ತಳ್ಳಿಬಿಡುತ್ತದೆ. ಅದಕ್ಕೆ ಆಶೆಪಟ್ಟು ವಿಷ ತಕ್ಕೊಳ್ಳುವವನಿಲ್ಲ. ಇದಲ್ಲದೆ, ಮರಣದ ಹೆದರಿಕೆಯೇ ಸಾಕಾಗಿದ್ದರೆ ತನ್ನ ಪಕ್ಕದಲ್ಲಿಯೇ ಗೆಳೆಯನು ಸತ್ತದ್ದನ್ನು ಕಂಡವನು ಆ ದಿವಸವೇ ಬಿಟ್ಟುಬಿಡುತ್ತಿದ್ದನು. ಹೆದರಿಸಿ ಬಿಡಿಸಬಹುದಾದ ಕಟ್ಟು ಇದಲ್ಲ.

ಹೀಗೆ ಮೂರು ವಾದಗಳೂ ಬಿದ್ದರೂ, ಎತ್ತುವ ಪಕ್ಷದವರು ಗೆದ್ದೆವೆಂದು ನಿಂತುಕೊಳ್ಳಲಾಗದು. ಯಾಕಂದರೆ ಎತ್ತಿ ಬಿಟ್ಟುಬಿಟ್ಟರೆ ಅವನು ತಿರಿಗಿ ಬೀಳುವನೆಂಬ ಮಾತು ನಿಜವಾಗಿಯೇ ಉಳಿಯಿತು. ಇಲ್ಲಿ ನಮ್ಮ ಸಭೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಒಂದು ಕಥೆ ನೆನಪಿಗೆ ಬರುತ್ತದೆ. ಅಮೇರಿಕದ ಅನೇಕ ಸಂಸ್ಥಾನಗಳಲ್ಲಿ ಒಂದು ಕಾಯಿದೆ ಇದೆ: ಗೆಳೆಯನು ಅಮಲಿನಿಂದ ಉಸಿರು ನಿಂತು ಬಿದ್ದಾಗ ಸಹಾಯಕ್ಕೆ ಕೂಗಿದವನನ್ನು, ಅವನ ಬಳಿಯಲ್ಲಿಯೂ ಸ್ವಲ್ಪ ಅಮಲು ಪದಾರ್ಥ ಸಿಕ್ಕಿತೆಂಬ ಕಾರಣದಿಂದ ಶಿಕ್ಷಿಸಬಾರದು. ಪೊಲೀಸರ ಭಯದಿಂದ ಗೆಳೆಯನನ್ನು ಸಾಯಬಿಟ್ಟು ಓಡುವದನ್ನು ತಪ್ಪಿಸುವದಕ್ಕಾಗಿ ಈ ಕಾಯಿದೆ ಆಯಿತು. ಪಶ್ಚಿಮ ವರ್ಜಿನಿಯದವರು ೨೦೧೫ರಲ್ಲಿ ಇದನ್ನು ಮಾಡಿದರು. ಆ ದೇಶದವರು ಇದಕ್ಕೆ ಒಳ್ಳೇ ಸಮಾರ್ಯದವನ ಕಾಯಿದೆ ಎಂದು ಹೆಸರಿಟ್ಟಿದ್ದಾರೆ.

ಆ ಸಮಾರ್ಯದವನು ಗಾಯ ಕಟ್ಟಿದ ಮೇಲೆ ಏನು ಮಾಡಿದನೆಂಬದನ್ನು ಗಮನಿಸಿರಿ. ಕಳ್ಳರಿರುವ ದಾರಿಯಲ್ಲಿ ಒಬ್ಬನೇ ಯಾಕೆ ಬಂದಿ ಎಂದು ಕೇಳಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿ ದಾರಿಯಲ್ಲಿಯೇ ಬಿಟ್ಟು ಹೋಗಲೂ ಇಲ್ಲ. ತನ್ನ ಪಶುವಿನ ಮೇಲೆ ಕೂಡ್ರಿಸಿ, ಛತ್ರಕ್ಕೆ ಸೇರಿಸಿ, ಆ ರಾತ್ರಿ ಆರೈಕೆಮಾಡಿ, ಛತ್ರದವನ ಕೈಗೆ ಹಣ ಕೊಟ್ಟು, ಹೆಚ್ಚು ವೆಚ್ಚವಾದರೆ ತಿರಿಗಿ ಬರುವಾಗ ಕೊಡುವೆನೆಂದು ಹೊಣೆಯಾದನು. ಪಟ್ಟಿಯು ಮೊದಲಿನ ಕೆಲಸ, ಛತ್ರವು ಎರಡನೆಯದು, ತಿರಿಗಿ ಬರುವೆನೆಂಬ ಮಾತು ಮೂರನೆಯದು. ೨೦೧೬ರ ಆ ದಿವಸ ಹಂಟಿಂಗ್ಟನ್ನಿನಲ್ಲಿ ಪಟ್ಟಿ ಇತ್ತು, ಛತ್ರವಿರಲಿಲ್ಲ.

ಆ ಊರಿನವರು ಇದನ್ನು ಕಂಡು ಸುಮ್ಮನಿರಲಿಲ್ಲ. ೨೦೧೭ರ ದಶಂಬರದಲ್ಲಿ ಒಂದು ಚಿಕ್ಕ ತಂಡವನ್ನು ಏರ್ಪಡಿಸಿದರು. ಅಮಲಿನಿಂದ ಬಿದ್ದು ಉಳಿದವನ ಮನೆಗೆ ಒಂದರಿಂದ ಮೂರು ದಿವಸಗಳೊಳಗೆ ಈ ತಂಡದವರು ಹೋಗಿ ಬಾಗಲು ತಟ್ಟುವರು. ಆಂಬುಲೆನ್ಸಿನ ಕೆಲಸ ಬಲ್ಲವನೊಬ್ಬನು, ಸಮವಸ್ತ್ರವಿಲ್ಲದ ಪೊಲೀಸನೊಬ್ಬನು, ಚಟದಿಂದ ಬಿಡಿಸುವ ಕೆಲಸದಲ್ಲಿ ಪಳಗಿದವನೊಬ್ಬನು, ಇವರ ಸಂಗಡ ಊರಿನ ಸಭಾಪಾಲಕರಲ್ಲೊಬ್ಬರು. ಹಿಡಿದುಕೊಂಡು ಹೋಗುವದಕ್ಕಲ್ಲ, “ಹೇಗಿದ್ದೀಯಪ್ಪಾ? ಚಿಕಿತ್ಸೆಗೆ ಬರುವೆಯಾ? ಇಂದೇ ಸ್ಥಳ ಮಾಡಿಕೊಡುತ್ತೇವೆ” ಎಂದು ಕೇಳುವದಕ್ಕೆ ಬಂದದ್ದು. ಬರುವದಿಲ್ಲವೆಂದರೆ ನಲೋಕ್ಸೋನನ್ನು ಕೈಗೆ ಕೊಟ್ಟು, ಮತ್ತೊಂದು ದಿವಸ ತಿರಿಗಿ ಬರುವರು. ಅಮಲಿನಿಂದ ಬಿದ್ದವರಿಗಾಗಿ ಬರುವ ಕೂಗುಗಳು ಮುಂದಿನ ವರುಷ ಹತ್ತರಲ್ಲಿ ಸುಮಾರು ನಾಲ್ಕು ಪಾಲು ಕಡಿಮೆಯಾದವು.

ಬೇರೆ ಛತ್ರಗಳೂ ಆ ಊರಿನಲ್ಲಿ ಎದ್ದವು. ಚಟದ ತಾಯಂದಿರ ಹೊಟ್ಟೆಯಲ್ಲಿಯೇ ಅಮಲಿಗೆ ಒಗ್ಗಿ ಹುಟ್ಟಿ, ನಡುಗುತ್ತಾ ಎಡೆಬಿಡದೆ ಅಳುವ ಕೂಸುಗಳಿಗಾಗಿ ೨೦೧೪ರಲ್ಲಿ ಲಿಲೀಸ್ ಪ್ಲೇಸ್ ಎಂಬ ಮನೆ ತೆರೆಯಲ್ಪಟ್ಟಿತು. ಮಂದ ಬೆಳಕಿನ ಕೋಣೆಯಲ್ಲಿ ದಾದಿಯರು ಆ ಕೂಸುಗಳನ್ನು ಎತ್ತಿಕೊಂಡು ಸಮಾಧಾನಪಡಿಸುವರು, ತಾಯಂದಿರಿಗೂ ದಾರಿ ತೋರಿಸುವರು. ಬೀದಿಯಲ್ಲಿ ಮೈಮಾರಿಕೊಂಡು ಅಮಲಿಗೆ ಹಣ ಹುಡುಕುವ ಸ್ತ್ರೀಯರಿಗೆ ಕಾಗದದ ಚೀಲದಲ್ಲಿ ಊಟ ಕಟ್ಟಿಕೊಂಡು ಹೋಗಿ ಕೊಟ್ಟು ಹೆಸರು ಹಿಡಿದು ಮಾತಾಡಿಸುವ ಕೆಲಸವನ್ನು ದೇವಭಕ್ತೆಯಾದ ಒಬ್ಬ ಸ್ತ್ರೀ ಕೈಕೊಂಡಳು. ರಕ್ತದ ಮೂಲಕ ಹರಡುವ ರೋಗಗಳನ್ನು ತಡೆಯುವದಕ್ಕಾಗಿ ಆರೋಗ್ಯ ಇಲಾಖೆಯವರು ೨೦೧೫ರಲ್ಲಿ ಹಳೇ ಸೂಜಿಗೆ ಬದಲಾಗಿ ಶುದ್ಧವಾದ ಸೂಜಿಯನ್ನು ಕೊಡಲಾರಂಭಿಸಿದರು. ಇದರ ವಿಷಯದಲ್ಲಿ ಆ ಸಂಸ್ಥಾನದಲ್ಲಿ ಬಹಳ ವ್ಯಾಜ್ಯವಾಯಿತು. ಹಾಗೆ ಸೂಜಿಗೆ ಬಂದವನು ಒಂದು ದಿವಸ ಚಿಕಿತ್ಸೆಯನ್ನೂ ಕೇಳುವನು, ಯಾರೂ ಬಾಗಲು ತೆರೆಯದವನು ಯಾರನ್ನೂ ಕೇಳುವದಿಲ್ಲ ಎಂಬದು ಅದನ್ನು ನಡಿಸುವವರ ಉತ್ತರ.

ಚಿಕಿತ್ಸೆಯ ವಿಷಯದಲ್ಲಿಯೂ ದೈವಭಕ್ತರಾದ ಜನರಿಗೆ ಒಂದು ಸಂಶಯ ಬರುತ್ತದೆ. ಬ್ಯೂಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳು ತಾವೂ ಅಫೀಮಿನ ವಂಶದವೇ. ಒಂದು ಅಮಲನ್ನು ಬಿಡಿಸಿ ಇನ್ನೊಂದನ್ನು ಕೊಡುವದು ಬಿಡುಗಡೆಯೋ ಎಂದು ಕೇಳುತ್ತಾರೆ. ಇವು ಅಳತೆಯಲ್ಲಿ, ವೈದ್ಯರ ಕೈಕೆಳಗೆ, ಏರಿಳಿತವಿಲ್ಲದೆ ಕೆಲಸ ಮಾಡುತ್ತವೆ. ಇವನ್ನು ತಕ್ಕೊಳ್ಳುವವನು ಅಮಲೇರಿ ಬೀಳದೆ, ಸಂಕಟದಿಂದ ಹೊರಳದೆ, ಕೆಲಸಕ್ಕೆ ಹೋಗಿ ಹೆಂಡತಿ ಮಕ್ಕಳನ್ನು ಸಾಕುವನು. ಚಿಕಿತ್ಸೆಯಲ್ಲಿರುವ ವರೆಗೆ ಮರಣದ ಭಯವು ಅರ್ಧಕ್ಕಿಂತಲೂ ಕಡಿಮೆಯಾಗುವದೆಂದು ವೈದ್ಯರು ಅನೇಕ ದೇಶಗಳಲ್ಲಿ ಕಂಡಿದ್ದಾರೆ. ಇದಕ್ಕೆ ವಿರೋಧವಾಗಿ, ಬರೇ ಸಂಕಲ್ಪದಿಂದ ಕೆಲವು ವಾರ ಬಿಟ್ಟವನೂ, ಸೆರೆಮನೆಯಲ್ಲಿದ್ದು ಬಂದವನೂ ತಿರಿಗಿ ಹಳೇ ಅಳತೆಯಲ್ಲಿ ತಕ್ಕೊಂಡರೆ, ಶರೀರವು ಒಗ್ಗಿಕೆಯನ್ನು ಕಳಕೊಂಡಿರುವದರಿಂದ ಆ ಒಂದೇ ಸಾರಿಗೆ ಸಾಯಬಹುದು. ಕಾಲು ಮುರಿದವನಿಗೆ ಊರುಗೋಲನ್ನು ಕೊಟ್ಟರೆ ಅವನು ನಡೆಯಲಿಲ್ಲವೆಂದು ಯಾರೂ ಹೇಳುವದಿಲ್ಲ. ಪ್ರಾರ್ಥಿಸುವವರು ಪ್ರಾರ್ಥಿಸಲಿ; ಊರುಗೋಲನ್ನು ಮಾತ್ರ ಕಸುಕೊಳ್ಳದಿರಲಿ.

ಇಷ್ಟೆಲ್ಲಾ ಮಾಡಿದ ಮೇಲೆ ಹಂಟಿಂಗ್ಟನ್ ಸ್ವಸ್ಥವಾಯಿತೋ ಎಂದರೆ, ಪೂರ್ತಿಯಾಗಿ ಆಗಲಿಲ್ಲ. ೨೦೨೦ರಲ್ಲಿ ಸಾಂಕ್ರಾಮಿಕ ರೋಗ ಬಂದು, ಮನೆಗಳಿಗೆ ಹೋಗಿ ಬರುವದು ಕಷ್ಟವಾಗಿ, ಜನರು ಒಬ್ಬೊಬ್ಬರಾಗಿ ಮುಚ್ಚಿಕೊಂಡಾಗ ಬೀಳುವವರು ತಿರಿಗಿ ಹೆಚ್ಚಿದರು. ಅಮೇರಿಕವೆಲ್ಲಾದರಲ್ಲಿ ೨೦೨೨ರ ಒಂದೇ ವರುಷದಲ್ಲಿ ನಾನಾ ಅಮಲುಗಳಿಂದ ಸತ್ತವರು ೧ ಲಕ್ಷ ೭ ಸಾವಿರಕ್ಕೂ ಮೇಲ್ಪಟ್ಟವರು. ಅವರಲ್ಲಿ ಹೆಚ್ಚಿನವರು ಅಫೀಮು ಜಾತಿಯ ಮದ್ದಿನಿಂದ ಸತ್ತವರು. ೨೦೨೪ರಲ್ಲಿ ಆ ಸಂಖ್ಯೆ ಸುಮಾರು ೮೦ ಸಾವಿರಕ್ಕೆ ಇಳಿಯಿತು. ಎಂಭತ್ತು ಸಾವಿರ ಮನೆಗಳ ಗೋಳು ಸಣ್ಣದಲ್ಲ. ಆದರೂ ಒಂದು ವರುಷದಲ್ಲಿ ಇಪ್ಪತ್ತೈದು ಸಾವಿರದಷ್ಟು ಜನರು ಬೀಳದೆ, ಇಲ್ಲವೆ ಬಿದ್ದರೂ ಸಾಯದೆ ಉಳಿದರೆಂಬದು ಎತ್ತುವವರಿಗೆ ಧೈರ್ಯ ಕೊಡುವ ಸಂಗತಿ.

ಬಿದ್ದವನನ್ನು ಎತ್ತುವದರ ಸಂಗಡ ನ್ಯಾಯವೂ ಬೇಕು. ಬಾವಿಗೆ ಕಟ್ಟೆ ಕಟ್ಟದೆ ಬರೇ ಹಗ್ಗವನ್ನು ಇಟ್ಟುಕೊಂಡು ಕೂತರೆ ಕರುಣೆಯು ಅರ್ಧವಾಗುವದು. ಬಾವಿಯನ್ನು ದಾರಿಯ ನಡುವೆ ತೋಡಿ ಲಾಭ ತಕ್ಕೊಂಡವರನ್ನು ಕೇಳದೆ ಬಿಟ್ಟರೆ ಅದು ಇನ್ನೂ ಅರ್ಧವಾಗುವದು. ಪರ್ಡ್ಯೂ ಸಂಸ್ಥೆಯವರು ೨೦೦೭ರಲ್ಲಿ ತಮ್ಮ ಗುಳಿಗೆಯ ಅಪಾಯವನ್ನು ತಪ್ಪಾಗಿ ತಿಳಿಸಿದೆವೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡು, ಮೂವರು ಮುಖ್ಯಾಧಿಕಾರಿಗಳೂ ಕೂಡಿ ೬೦ ಕೋಟಿ ಡಾಲರಿಗೂ ಹೆಚ್ಚು ದಂಡ ಕೊಟ್ಟರು; ೨೦೨೦ರಲ್ಲಿ ಕಂಪೆನಿಯು ತಿರಿಗಿ ಅಪರಾಧವನ್ನು ಒಪ್ಪಿಕೊಂಡಿತು. ಅದರ ಒಡೆಯರಾದ ಸ್ಯಾಕ್ಲರ್ ಮನೆತನದವರನ್ನು ಮುಂದಿನ ವ್ಯಾಜ್ಯಗಳಿಂದ ಕಾಪಾಡುವ ಒಪ್ಪಂದವನ್ನು ೨೦೨೪ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ತಳ್ಳಿಬಿಟ್ಟಿತು. ಗುಳಿಗೆಗಳನ್ನು ಸಾಗಿಸಿದ ದೊಡ್ಡ ವರ್ತಕರ ಮೇಲೆ ಹಂಟಿಂಗ್ಟನ್ನಿನವರು ಹೂಡಿದ ವ್ಯಾಜ್ಯವಾದರೋ ೨೦೨೨ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಊರಿಗೆ ವಿರೋಧವಾಗಿ ತೀರಿ, ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಬೀದಿಯಲ್ಲಿ ಬಿದ್ದವನಿಗೆ “ಮೂರನೆಯ ಸಾರಿ ಇಲ್ಲ” ಎಂದು ಹೇಳುವ ಲೋಕವು ಕೋಟಿಗಟ್ಟಲೆ ಗುಳಿಗೆ ಮಾರಿದವರಿಗೆ ಎಷ್ಟು ಸಾರಿ ಅವಕಾಶ ಕೊಟ್ಟಿತೆಂಬದನ್ನು ವಾಚಕರು ತಾವೇ ಎಣಿಸಿ ನೋಡಲಿ.

ಇದು ದೂರ ದೇಶದ ಮಾತು, ನಮ್ಮ ಹಳ್ಳಿಗೆ ಏನು ಎಂದು ಯಾರಾದರೂ ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಸಾರಾಯಿಯೇ ಹೆಚ್ಚಿನ ಶತ್ರುವೆಂಬದು ನಿಜ. ಆದರೆ ಕೇಂದ್ರ ಸರಕಾರದವರು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಹಿಂದೂದೇಶದಲ್ಲಿ ಅಫೀಮು ಜಾತಿಯ ಅಮಲಿನಿಂದ ಕೆಟ್ಟು ಸಹಾಯ ಬೇಕಾದವರು ಸುಮಾರು ೭೭ ಲಕ್ಷ ಮಂದಿ. ಹೆರಾಯಿನ್ ಮಾತ್ರವಲ್ಲ, ನೋವಿನ ಗುಳಿಗೆಗಳೂ ಇದಕ್ಕೆ ಕಾರಣ. ಇದರಿಂದಲೇ ಟ್ರಮಡಾಲ್ ಎಂಬ ಗುಳಿಗೆಯನ್ನು ೨೦೧೮ರಲ್ಲಿ ಮಾದಕ ವಸ್ತುಗಳ ಕಾಯಿದೆಯ ಕೆಳಗೆ ತಂದರು. ಅದೇ ಕಾಯಿದೆಯಲ್ಲಿ, ಸ್ವಲ್ಪ ಪ್ರಮಾಣದ ಅಮಲಿನೊಂದಿಗೆ ಸಿಕ್ಕಿದ ಚಟದವನು ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಅವನನ್ನು ಶಿಕ್ಷೆಯಿಂದ ಬಿಡುವದಕ್ಕೆ ಒಂದು ದಾರಿಯನ್ನು ಇಟ್ಟಿದ್ದಾರೆಂಬದನ್ನು ಬಹಳ ಜನರು ತಿಳಿದಿಲ್ಲ.

ಆದದರಿಂದ ನಮ್ಮ ಸಭೆಗಳಲ್ಲಿ ಮಾಡತಕ್ಕ ಕೆಲಸವುಂಟು. ಒಬ್ಬರಿಗೆ ವೈದ್ಯರು ಕೊಟ್ಟ ನೋವಿನ ಗುಳಿಗೆಯನ್ನು ನೆರೆಯವರ ಬೆನ್ನುನೋವಿಗೆ ಹಂಚಬಾರದು; ಉಳಿದದ್ದನ್ನು ಮಕ್ಕಳ ಕೈಗೆ ಸಿಕ್ಕುವ ಗೂಡಿನಲ್ಲಿ ಇಡಬಾರದು. ಮನೆಯ ಹುಡುಗನ ನಡತೆ ಬದಲಾದರೆ ಮಾನ ಹೋದೀತೆಂದು ಬಚ್ಚಿಡದೆ ಬೇಗನೆ ವೈದ್ಯರಿಗೆ ತೋರಿಸಬೇಕು. ಬಿಡಿಸುತ್ತೇವೆಂದು ಕೋಣೆಯಲ್ಲಿ ಕೂಡಿಹಾಕುವವರ, ಸರಪಣಿ ಹಾಕುವವರ ಕೈಗೆ ಮಕ್ಕಳನ್ನು ಒಪ್ಪಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಮುಂತಾದ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆ ಉಂಟು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರಕಾರದ ೧೪೪೪೬ ಎಂಬ ದೂರವಾಣಿ ಸಂಖ್ಯೆಗೆ ಹಣವಿಲ್ಲದೆ ಕೇಳಬಹುದು. ಎಲ್ಲಾದಕ್ಕಿಂತ ಹೆಚ್ಚಾಗಿ, ಚಿಕಿತ್ಸೆ ಮುಗಿಸಿ ಬಂದವನ ಮೊದಲಿನ ವಾರಗಳೇ ಬಹು ಅಪಾಯದ ಕಾಲವೆಂದು ತಿಳಿದು, ಅವನು ಒಬ್ಬಂಟಿಗನಾಗದ ಹಾಗೆ ನೋಡಿಕೊಳ್ಳಬೇಕು. ಅವನು ಆರಾಧನೆಗೆ ಬಂದು ಹಿಂದಿನ ಚಾಪೆಯ ಮೇಲೆ ಕೂತಾಗ ಹೆಂಗಸರು ಗಂಡಸರು ತಿರುಗಿ ತಿರುಗಿ ನೋಡಿ ಪಿಸುಗುಟ್ಟಿದರೆ, ಮುಂದಿನ ಆದಿತ್ಯವಾರ ಅವನು ಎಲ್ಲಿ ಇರುವನೆಂಬದನ್ನು ನಾವು ಹೇಳಬೇಕಾಗಿಲ್ಲ. ಸಭೆಗೆ ಶಿಸ್ತು ಬೇಕು; ಮನೆಯ ಪಾತ್ರೆ ಪದಾರ್ಥ ಮಾರಿ ಅಮಲಿಗೆ ಹಾಕುವವನ ಕೈಗೆ ಹಣ ಕೊಡಬಾರದು; ಅವನಿಂದ ಹೆಂಡತಿ ಮಕ್ಕಳಿಗೆ ಪೆಟ್ಟಾಗುತ್ತಿದ್ದರೆ ಅವರನ್ನು ಮೊದಲು ಕಾಯಬೇಕು. ಆದರೆ ಶಿಸ್ತಿನ ಗುರಿಯು ಅವನನ್ನು ಹಿಂದಕ್ಕೆ ತರುವದೇ ಆಗಿರತಕ್ಕದ್ದು. ಹೊರಗೆ ಹಾಕಿ ನಿಶ್ಚಿಂತರಾಗುವದು ಶಿಸ್ತಲ್ಲ.

ಹಾಗಾದರೆ ಎಷ್ಟು ಸಾರಿ ಎತ್ತಬೇಕು? ಎಷ್ಟು ಸಾರಿ ಎಂದು ಕೇಳುವವನು ಎತ್ತುವದನ್ನು ಎಲ್ಲಿ ನಿಲ್ಲಿಸಬಹುದೆಂದು ಹುಡುಕುತ್ತಾನೆ. ಈ ವಿಷಯದಲ್ಲಿ ಅನುಭವವುಳ್ಳವರು ಹೇಳುವದೇನಂದರೆ, ಒಬ್ಬನು ಚಿಕಿತ್ಸೆಗೆ ಒಪ್ಪುವ ದಿವಸವನ್ನು ಮುಂಚಿತವ

ಾಗಿ ಯಾರೂ ಬಲ್ಲವರಲ್ಲ. ಅದು ಎರಡನೆಯ ಸಾರಿ ಬಿದ್ದ ಮೇಲೆ ಬರಬಹುದು, ಒಂಭತ್ತನೆಯ ಸಾರಿಯ ಮೇಲೆ ಬರಬಹುದು. ಅನೇಕ ಸಾರಿ ಬಿದ್ದು ಎದ್ದವರೇ ಈಗ ಅಂಥ ಊರುಗಳಲ್ಲಿ ಬೇರೆಯವರ ಬಾಗಲು ತಟ್ಟಲಿಕ್ಕೆ ಹೋಗುತ್ತಾರೆ. ಅವರನ್ನು ಮೂರನೆಯ ಸಾರಿಗೆ ಬಿಟ್ಟುಬಿಟ್ಟಿದ್ದರೆ ಆ ಬಾಗಲುಗಳನ್ನು ಇಂದು ತಟ್ಟುವವರು ಇರುತ್ತಿರಲಿಲ್ಲ. ಆದದರಿಂದ ಪ್ರಿಯ ವಾಚಕರೇ, ನಿಮ್ಮ ಊರಿನಲ್ಲಿ ಜನರು ಕೈಬಿಟ್ಟ ಒಬ್ಬನು ಇದ್ದರೆ, ಅವನು ಹಿಂದೆ ಎಷ್ಟು ಸಾರಿ ಬಿದ್ದನೆಂಬ ಲೆಕ್ಕವನ್ನು ಬದಿಗಿಟ್ಟು, ಈ ವಾರ ಅವನ ಮನೆಗೆ ಹೋಗಿ ಬನ್ನಿರಿ. ಬಾಗಲು ತೆರೆಯದಿದ್ದರೆ ಮುಂದಿನ ವಾರವೂ ಹೋಗಿರಿ.